ಅಕ್ಕನ ಗಡ್ಡಿ, ನನ್ನ ಇಲಿಗಳು

ಕ್ಯಾನ್ಸರ್ ಔಷಧಿ ಹುಡುಕೋ ಲ್ಯಾಬಿನಾಗ ಇಲಿ ನೋಡಿಕೊಳ್ಳೋದು ನನ್ನ ನೌಕರಿ. ಹಂಗಾಗಿ ರಾಯದುರ್ಗಕ್ಕ ಅಕ್ಕನ ಮನಿಗೆ ಬಂದಾಗೆಲ್ಲ ಏನರ ಒಂದು ನಗೋ ಹಂಗ ಆಗೇ ಆಗ್ತೈತಿ. ಈ ಸಲ ಬಂದದ್ದು ಅಕ್ಕನ ಸಲುವಾಗಿ. ಆಕಿ ಎದಿಯಾಗ ಕ್ಯಾನ್ಸರ್ ಗಡ್ಡಿ. ಗಡ್ಡಿ ಕರಗಿಸೋ ಇಂಜೆಕ್ಷನ್ ಮಾತ್ರ ಹಾಕಿಸ್ಕೊಳ್ಳಾಂಗಿಲ್ಲ ಅಂತ ಹಟ ಹಿಡಿದು ಕುಂತಿದ್ಲು.

೧. ಮಡಿ

ಅಕ್ಕನ ಅತ್ತಿ ಮಡಕಶಿರಾ ಕಡೇರು. ಕೆಲಸ ಹ್ಯಾಂಗ ಅಂತ ಕೇಳಿದ್ರು. ಸ್ನಾನ ಮಾಡಿ, ಬ್ಯಾರೆ ಬಟ್ಟಿ ಹಾಕ್ಕೊಂಡು, ಮಾಸ್ಕು ಕಟ್ಟಿಗೊಂಡೇ ಇಲಿ ರೂಮಿಗೆ ಹೋಗ್ಬೇಕು, ನಾವು ಸೀನಿದ್ರೂ ಅವಕ್ಕ ಜಡ್ಡು ಅಂದೆ. ಅವರು ನನ್ನನ್ನ ಮ್ಯಾಲಿಂದ ಕೆಳಗ ನೋಡಿದ್ರು.

"ಹಬ್ಬದ ದಿನ ಮಧ್ಯಾಹ್ನ ಆದ್ರೂ ಮೈ ತೊಳೀತಿರ್ಲಿಲ್ಲ ನೀನು. ನಮ್ಮ ಕೈಲಿ ಆಗದ್ದು ಇಲಿ ಕೈಲಿ ಆಯ್ತು ನೋಡಪ್ಪ."

೨. ಪ್ಯಾಂಟು

ಭಾವ ಜೀನ್ಸ್ ಹೊಲಿಯೋರು. ಕೆಲವು ಇಲಿಗಳಿಗೆ ಹುಟ್ಟಾ ಕೂದಲಿಲ್ಲ, ರೋಗ ತಡಿಯೋ ಶಕ್ತಿನೂ ಇಲ್ಲ, ಅದಕ್ಕ ಮನುಷ್ಯರ ಗಡ್ಡಿ ತುಣುಕು ಇಟ್ರೆ ಅವುಗಳ ಮೈಯಾಗ ಬೆಳಿತೈತಿ ಅಂತ ಅವರಿಗೆ ಹೇಳಿದೆ. ಇಷ್ಟು ವರ್ಷ ಆದ್ರೂ ನನಗ ಆ ಬೆರಗು ಹೋಗಿಲ್ಲ. ಹೆಬ್ಬೆರಳಷ್ಟು ಜೀವ, ಯಾರದೋ ತಾಯಿಯ ಗಡ್ಡಿ ಹೊತ್ಕೊಂಡು ತನ್ನ ಪಾಡಿಗೆ ಕಾಳು ಕಡೀತಿರ್ತೈತಿ.

ಭಾವ ಎದ್ದು ಹೊಲಿಗಿ ಮಷಿನ್ ಮುಂದ ಕುಂತ್ರು. ಊಟದ ಹೊತ್ತಿಗೆ ನನ್ನ ಕೈಗೊಂದು ಬೆರಳುದ್ದದ ಜೀನ್ಸ್ ಪ್ಯಾಂಟು ಇಟ್ರು.

"ಬಾಲಕ್ಕ ತೂತು ಬಿಟ್ಟೀನಿ. ಜಿಪ್ ಹಾಕಿಲ್ಲ, ಪಾಪ, ಚುಚ್ಚತೈತಿ."

೩. ಅಳತಿ

ಪ್ಯಾಂಟು ನೋಡಿ ಅಕ್ಕ ಸುಮಾರು ದಿನದ ಮ್ಯಾಲ ನಕ್ಕಳು. ಆಮ್ಯಾಲ ತನ್ನ ಇಂಜೆಕ್ಷನ್ ಬಗ್ಗೆ ಕೇಳಿದ್ಲು. ಇಂಥ ಔಷಧಿ ಮೊದಲು ಇಲಿಗೇ ಹಾಕಿ ನೋಡ್ತಾರ, ಕೆಲವದರ ಗಡ್ಡಿ ಕರಗತೈತಿ, ಕೆಲವದರದ್ದು ಇಲ್ಲ, ಅವಕ್ಕ ಆಗಿದ್ದು ನಮಗೂ ಆಗೇ ಆಗ್ತೈತಿ ಅಂತೇನಿಲ್ಲ ಅಂದೆ.

"ಗಡ್ಡಿ ಕರಗಿದ ಇಲಿ ಆಮ್ಯಾಲ ಎಲ್ಲಿಗೆ ಹೋಗ್ತೈತೋ?"

ನನಗ ಸುಳ್ಳು ಬರಲಿಲ್ಲ. ಕೊನಿಗೆ ಗಡ್ಡಿ ಅಳಿತಾರ, ಇಲಿನ ಮುಗಿಸಿ ಒಳಗ ಏನಾಗೇತಿ ಅಂತ ನೋಡ್ತಾರ ಅಂದೆ. ಆಕಿ ಆ ಪ್ಯಾಂಟು ಅಂಗೈಯಾಗ ಇಟ್ಕೊಂಡು, ಬಾಲದ ತೂತಿನ ಸುತ್ತ ಬೆರಳಾಡಿಸಿದ್ಲು.

"ಅದು ಜೀವಾನೇ ಕೊಟ್ಟೈತಿ. ನಾ ಒಂದು ಸೂಜಿಗೆ ಹೆದರ್ಲೇನು," ಅಂದು ಎದ್ದು ಸೀರಿ ಉಟ್ಲು.

ಬಳ್ಳಾರಿ ಆಸ್ಪತ್ರಿಗೆ ತಿಂಗಳುಗಟ್ಟಲೆ ಅಡ್ಡಾಡಿದ್ವಿ. ಅಕ್ಕನ ಕೂದಲೆಲ್ಲ ಹೋತು. ಒಂದಿನ ಡಾಕ್ಟ್ರು ಅಳತಿ ಮಾಡಿ, ಗಡ್ಡಿ ಅರ್ಧಕ್ಕಿಂತ ಸಣ್ಣದಾಗೇತಿ ಅಂದ್ರು. ಭಾವ ಗ್ವಾಡಿ ಕಡೆ ತಿರುಗಿ ಕಣ್ಣು ಒರೆಸ್ಕೊಂಡ್ರು. ನಂದೂ ಅದೇ ಕಥಿ. ಅಕ್ಕ ಮಾತ್ರ ನನ್ನ ಕೈ ಗಟ್ಟಿ ಹಿಡ್ಕೊಂಡು, ಡಾಕ್ಟ್ರ ಮುಖಾನೇ ನೋಡ್ತಿದ್ಲು.

"ಅಳತಿ ಆತಲ್ರಿ ಸಾರ್," ಅಂದ್ಲು ಮೆಲ್ಲಗ. "ಈಗ ನನ್ನ ಮನಿಗೇ ಕಳಿಸ್ತೀರಲ್ಲ?"