ಕನಸಿನಲ್ಲಿ ನಡೆದ ನಾಲ್ಕು ಸಾವಿರ ಹೆಜ್ಜೆ

ನಡೆಯುವುದಕ್ಕಿಂತ ನಡೆದ ಹಾಗೆ ಕನಸು ಕಾಣುವುದೇ ಸುಖ. ಮಂಡಿ ನೋಯುವುದಿಲ್ಲ, ಚಪ್ಪಲಿ ಸವೆಯುವುದಿಲ್ಲ. ಮೂರನೇ ಇಯತ್ತೆಗೇ ಸಾಲಿ ಬಿಟ್ಟ ನನಗೆ ಈ ಜ್ಞಾನ ಬಂದದ್ದು ಮಗಳು ಸುಮಂಗಲಾ ಬಾಣಂತನಕ್ಕೆ ಬಂದ ಮೇಲೆ. ಮೊಮ್ಮಗಳು ಹುಟ್ಟಿದ್ದಾಳೆ. ಅಂಗೈಯಷ್ಟು ಮುಖ, ಆಕಳಿಸಿದರೆ ಸಾಕು, ನಾನು ಮಾಡುವ ಕೆಲಸ ಬಿಟ್ಟು ನೋಡುತ್ತ ಕೂಡುತ್ತೇನೆ. ಹೀಗೆ ಕೂತು ಕೂತೇ ತಿಂಗಳು ಕಳೆಯಿತು.

ಅದನ್ನು ನೋಡಿ ಮಗಳು ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿದಳು. ಅದು ಕನ್ನಡದಲ್ಲೇ ಮಾತಾಡುತ್ತದೆ. ಎಷ್ಟು ಹೆಜ್ಜೆ ನಡೆದಿರಿ, ಏನು ಉಂಡಿರಿ ಎಂದು ಕೇಳುತ್ತದೆ. ನಡೆದು, ಹಿತವಾಗಿ ಉಂಡರೆ ಎದೆಯ ಕ್ಯಾನ್ಸರಿನ ಭಯ ಸ್ವಲ್ಪ ಕಡಿಮೆಯಂತೆ. ಗಂಟು ಕಂಡರೆ ಮುಚ್ಚಿಡದೆ ಡಾಕ್ಟರಿಗೆ ತೋರಿಸಬೇಕಂತೆ. ನನ್ನ ಅಕ್ಕ ಗಂಗಕ್ಕ ಸೆರಗಿನೊಳಗೇ ಮುಚ್ಚಿಟ್ಟುಕೊಂಡು ಹೋದವಳು. ಅಂದಿನಿಂದ ಮಗಳ ಕಣ್ಣು ನನ್ನ ಮೇಲೆ.

ಊಟದ ವಿಷಯದಲ್ಲಿ ನಾನು ಪ್ರಾಮಾಣಿಕಳು. ರೊಟ್ಟಿ, ಮೆಂತ್ಯದ ಪಲ್ಲೆ, ಹೆಸರುಕಾಳು ಎಲ್ಲ ಹೇಳುತ್ತೇನೆ. ಬಾಣಂತಿಗೆ ಕಟ್ಟಿದ ಅಂಟಿನುಂಡಿ ಮಾತ್ರ ಹೇಳುವುದಿಲ್ಲ. ಬೆಲ್ಲ ಸರಿಯಾಗಿದೆಯೋ ಎಂದು ದಿನಕ್ಕೆ ಎರಡು ತಿಂದು ನೋಡುತ್ತೇನೆ. ರುಚಿ ನೋಡಿದ್ದು ಊಟ ಹೇಗಾದೀತು?

ಒಂದು ಮಧ್ಯಾಹ್ನ ಫೋನಿನಲ್ಲಿ ಜೋಗುಳ ಹಚ್ಚಿ, ತೊಟ್ಟಿಲಿಗೆ ಕಟ್ಟಿದ ಕೈಚೀಲದಲ್ಲಿಟ್ಟೆ. ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಗೋಡೆಗೆ ಒರಗಿದೆ. ಕಣ್ಣು ಎಳೆಯಿತು. ನಾನೂ ಗಂಗಕ್ಕನೂ ಸವದತ್ತಿ ಗುಡ್ಡ ಹತ್ತುತ್ತಿದ್ದೆವು. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ನನ್ನವೂ. ಎಚ್ಚರಾಗಿ ನೋಡಿದರೆ ಫೋನಿನಲ್ಲಿ ನಾಲ್ಕು ಸಾವಿರ ಹೆಜ್ಜೆ! ಕನಸಿನಲ್ಲಿ ನಡೆದದ್ದನ್ನೂ ಎಣಿಸುವ ಕಾಲ ಬಂತಲ್ಲ ಎಂದು ಕೈ ಮುಗಿದೆ. ಮರುದಿನದಿಂದ ಉಂಡ ಕೂಡಲೇ ಶ್ರದ್ಧೆಯಿಂದ ಮಲಗತೊಡಗಿದೆ.

ವಾರವೆಲ್ಲ ಫೋನು ಹೊಗಳಿತು, ಮಗಳೂ ಹಿಗ್ಗಿದಳು. ಒಂದು ದಿನ ಅವಳು ನಡುಮನೆಗೆ ಬಂದಾಗ ನಾನು ಗೊರಕೆ ಹೊಡೆಯುತ್ತಿದ್ದೆನಂತೆ, ಕಾಲು ಹಗ್ಗ ಎಳೆಯುತ್ತಿತ್ತಂತೆ, ತೂಗುವ ಚೀಲದೊಳಗಿನ ಫೋನಿನಲ್ಲಿ ಹೆಜ್ಜೆಗಳು ಏರುತ್ತಿದ್ದವಂತೆ. ನಗುತ್ತಾಳೆ ಅಂದುಕೊಂಡೆ. ಅವಳು ನಗಲಿಲ್ಲ, ನನ್ನ ಕಾಲಿನ ಹಗ್ಗ ಬಿಚ್ಚಿದಳು.

"ಯವ್ವಾ, ಫೋನಿಗೆ ಬೇಕಂತ ಹಾಕಿಲ್ಲ ಇದನ್ನ. ದೊಡ್ಡವ್ವ ಹೋಗಿದ್ದು ನೋಡೀನಿ ನಾ. ನನ್ನ ಮಗಳಿಗೆ ಆಯಿ ಬೇಕು, ನೀ ಬೇಕು."

ಇವತ್ತು ಬೆಳಗ್ಗೆ ಎದ್ದವಳೇ ಹೊರಟೆ. ಮಂಜಿನಲ್ಲಿ ಕಬ್ಬಿನ ಹೊಲಗಳು ಇನ್ನೂ ನಿದ್ದೆಯಲ್ಲಿದ್ದವು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದೊಂದಾಗಿ ಮಂಜಿನೊಳಗೆ ಕರಗುತ್ತಿದ್ದವು. ಹಳ್ಳದ ತನಕ ಹೋಗಿ ಬಂದೆ. ಗಂಗಕ್ಕ ಜೊತೆಗೇ ಇದ್ದಂತಿತ್ತು. ಈ ಸಲ ನನ್ನ ಕಾಲಾದರೂ ನೆಲದ ಮೇಲಿತ್ತು.

ಮನೆಗೆ ಬಂದ ಮೇಲೆ ನೆನಪಾಯಿತು, ಫೋನು ತೊಟ್ಟಿಲಿನ ಚೀಲದಲ್ಲೇ ಉಳಿದಿತ್ತು. ಕೂಸು ಮಿಸುಕಾಡದೆ ಮಲಗಿತ್ತು. "ಇವತ್ತು ನೀವು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ, ಏಳಿ" ಎಂದಿತು ಫೋನು. ಮಲಗಿದಾಗ ಹೊಗಳಿಸಿಕೊಂಡವಳು ನಡೆದಾಗ ಬೈಸಿಕೊಳ್ಳಬೇಕಾದದ್ದೇ. ಮಗಳು ನನ್ನ ಚಪ್ಪಲಿಗೆ ಮೆತ್ತಿದ ಎರೆಮಣ್ಣು ನೋಡಿ ಮುಗುಳ್ನಕ್ಕಳು. ಆಮೇಲೆ ಉಂಡಿಯ ಡಬ್ಬಿಯನ್ನು ಎಲ್ಲಕ್ಕಿಂತ ಮೇಲಿನ ಹಲಗೆಗೆ ಏರಿಸಿದಳು.

ಅದನ್ನು ಮುಟ್ಟಲು ಗುಡ್ಡ ಹತ್ತಿದಷ್ಟೇ ಶ್ರಮವಿದೆ. ವ್ಯಾಯಾಮವೇ ಅಲ್ಲವೇ ಎಂದು ಯೋಚಿಸುತ್ತ ಕೂತಿದ್ದೇನೆ.