ಶೇಖವ್ವ ಹೆಣೆದ ಎರಡು ಬಣ್ಣದ ಕುಲಾವಿ

“ನನ್ನ ಅಳಿಯನ ತಲೀ ಮ್ಯಾಲ ಅಂಗಡಿ ಕುಲಾವಿ ಕೂತ್ರ, ನನ್ನ ಹೆಸರು ಶೇಖವ್ವನ ಅಲ್ಲ!”

ಹೆಬ್ಬಗೋಡಿಯ ಬಾಡಿಗೆ ಕೋಣೆಯಲ್ಲಿ, ಕೈಯಲ್ಲಿ ಸೌಟು ಹಿಡಿದು ಶೇಖವ್ವ ಈ ಘೋರ ಪ್ರತಿಜ್ಞೆ ಮಾಡಿದಾಗ ಸಾಕ್ಷಿಗೆ ಇದ್ದದ್ದು ಗಂಡ ಸಂಗಣ್ಣ ಮತ್ತು ಒಲೆಯ ಮೇಲಿನ ಸಾರು. ಸಾರು ಉಕ್ಕಿತು. ಸಂಗಣ್ಣ ನಕ್ಕ.

“ಹೆಣಿಯಾಕ ಬರ್ತದೇನ ನಿನಗ?”

“ಇಷ್ಟ್ ವರ್ಷ ಗಾರ್ಮೆಂಟ್ಸಿನಾಗ ಕತ್ತಿ ಕಾಯ್ದೀನೇನು?”

ಕತ್ತೆಯನ್ನೇನೋ ಕಾಯ್ದಿರಲಿಲ್ಲ. ಆದರೆ ಅವಳದು ಫಿನಿಶಿಂಗ್ ಸೆಕ್ಷನ್ನು. ಯಾರೋ ಹೊಲಿದ ಶರ್ಟಿನಲ್ಲಿ ಜೋತಾಡುವ ದಾರಗಳನ್ನು ಪುಟ್ಟ ಕಟ್ಟರಿನಿಂದ ಕಚಕ್ಕನೆ ಕತ್ತರಿಸುವುದಷ್ಟೇ ಕೆಲಸ. ಒಂದಾದರೂ ಬಟ್ಟೆಯನ್ನು ಮೊದಲಿಂದ ಕೊನೆತನಕ ತಾನೇ ಮಾಡಿದ ಭಾಗ್ಯ ಅವಳಿಗಿರಲಿಲ್ಲ.

ಹಠಕ್ಕೆ ಕಾರಣ ಸರ್ಜಾಪುರದಲ್ಲಿತ್ತು. ತಾಯಿ ಇಲ್ಲದ ತಮ್ಮ ಪರಮಾನಂದನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಶೇಖವ್ವ. ಈಗ ಅವನ ಮಗನಿಗೆ, ಹೆಂಡತಿ ವೇಣಿಯ ತವರಲ್ಲಿ, ನಾಮಕರಣ. ಹೆಸರಿಡುವುದು, ಕುಲಾವಿ ಹಾಕುವುದು ಸೋದರತ್ತೆಯ ಹಕ್ಕು. ವೇಣಿಯೋ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದಳು:

“ಅಕ್ಕಾ, ಹೆಸ್ರು ಬ್ಯಾನರಲ್ಲಿ ಪ್ರಿಂಟ್ ಆಗ್ಬಿಟ್ಟಿದೆ. ತೊಟ್ಲು, ಬಟ್ಟೆ ಎಲ್ಲಾ ಆನ್‌ಲೈನಲ್ಲಿ ತರ್ಸಿದ್ದೀವಿ. ನೀವು ಸುಮ್ನೆ ಬನ್ನಿ, ಸಾಕು.”

ಸುಮ್ಮನೆ ಬರುವುದಕ್ಕೆ ಅವಳೇನು ಪಕ್ಕದ ಬೀದಿಯವಳೇ? ಹೆಸರು ಹೋಯಿತು, ತೊಟ್ಟಿಲು ಹೋಯಿತು. ಕುಲಾವಿಯೂ ಹೋದರೆ ತಮ್ಮನ ಬಾಳಿನಲ್ಲಿ ಅವಳು ಊಟಕ್ಕೆ ಬಂದು ಹೋಗುವ ನೆಂಟಳು, ಅಷ್ಟೇ.

ಬಂತು ದಪ್ಪ ಉಲ್ಲನ್, ಕೆಂಪು ಒಂದುಂಡೆ, ಬಿಳಿ ಒಂದುಂಡೆ! ಬಂತು ಎರಡು ಕಡ್ಡಿಗಳ ನಡುವೆ ವೈರು ಇರುವ ಸೂಜಿ! ಮೊಬೈಲಿನ ವೀಡಿಯೊ ಗುರುವಾಯಿತು. ಮೊದಲ ಸಲ ಸುತ್ತು ಕೂಡಿಸುವಾಗ ಸಾಲು ತಿರುಚಿಕೊಂಡಿತು.

“ಜಿಲೇಬಿ ಚಲೋ ಆಗೇತಿ,” ಎಂದ ಸಂಗಣ್ಣ.

ಬಿಚ್ಚಿ ಮತ್ತೆ ಹೆಣೆದಳು. ಅದು ಸಂಗಣ್ಣನ ಕಿವಿ ದಾಟಿ ಭುಜಕ್ಕಿಳಿಯಿತು.

“ಇದು ಕೂಸಿಗೋ, ಗಡಿಗಿಗೋ?”

ಮೂರನೆಯದು, ಆಹಾ! ಕೆಂಪಿನ ನಡುವೆ ಬಿಳಿಯ ಚೌಕ, ಬಿಳಿಯ ನಡುವೆ ಕೆಂಪಿನ ಚೌಕ. ಸಂಗಣ್ಣನೂ ತಲೆದೂಗಿದ. ಶೇಖವ್ವ ಹೆಮ್ಮೆಯಿಂದ ಒಳಮಗ್ಗಲು ತಿರುಗಿಸಿದಳು. ಥೂ! ಬಣ್ಣ ಬದಲಾದ ಕಡೆಯೆಲ್ಲ ಇನ್ನೊಂದು ಬಣ್ಣದ ಎಳೆ ಅಡ್ಡಕ್ಕೆ ಸಡಿಲವಾಗಿ ಹಾದುಹೋಗಿತ್ತು. ಫಿನಿಶಿಂಗ್ ಸೆಕ್ಷನ್ನಿನ ಕಣ್ಣು ಇದನ್ನು ಸಹಿಸೀತೇ? ಕಚಕ್, ಕಚಕ್! ಒಂದೂ ಬಿಡದೆ ಕತ್ತರಿಸಿದಳು. ಕುಲಾವಿ ಹಿಡಿದು ನಿಂತದ್ದೇ ಆ ಎಳೆಗಳಿಂದ ಎಂದು ವೀಡಿಯೊದ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದ್ದಿರಬೇಕು.

ನಾಮಕರಣದ ದಿನ ಶೇಖವ್ವ ಎಲ್ಲರೆದುರು ಕುಲಾವಿಯನ್ನು ಎರಡೂ ಕೈಯಿಂದ ಹಿಗ್ಗಿಸಿ ಕೂಸಿನ ತಲೆಗೆ ಇಳಿಸಿದಳು. ಮೊದಲು ಬಿಳಿ ಬಿಚ್ಚಿತು. ಹಿಂದೆಯೇ ಕೆಂಪು. ಕ್ಷಣದಲ್ಲಿ ಕೂಸಿನ ತಲೆಯ ಮೇಲೆ ಒಂದು ಹಿಡಿ ಉಲ್ಲನ್, ಬಾಯಲ್ಲಿ ಎರಡು ಎಳೆ! ಕೂಸು ಕಿಟಾರನೆ ಕಿರುಚಿತು. ಯಾರೋ ಮೊಬೈಲಿನಲ್ಲಿ ಹಿಡಿಯತೊಡಗಿದರು.

ವೇಣಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಚೀಲದಿಂದ ಅಂಗಡಿಯ ಕುಲಾವಿ ತೆಗೆದು ಹಾಕಿ, “ಪರ್ವಾಗಿಲ್ಲ ಅಕ್ಕಾ, ಹಿಂಗಾಗತ್ತೆ ಅಂತ ಗೊತ್ತಿತ್ತು, ತಂದಿಟ್ಕೊಂಡಿದ್ದೆ,” ಎಂದಳು.

ಗೊತ್ತಿತ್ತಂತೆ! ಶೇಖವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಅಂಗಡಿ ಕುಲಾವಿಯ ಅಂಚಿನಲ್ಲಿ ಒಂದು ದಾರ ಜೋತಾಡುತ್ತಿತ್ತು. ಹಾಳು ಅಭ್ಯಾಸ, ಬೆರಳು ತಾನಾಗಿ ಅತ್ತ ಹೋಯಿತು. ಪರಮಾನಂದ ಗಪ್ಪನೆ ಅವಳ ಮಣಿಕಟ್ಟು ಹಿಡಿದ.

“ಯಕ್ಕಾ, ಮುಟ್ಟಬ್ಯಾಡ! ಇದಾದ್ರೂ ಉಳೀಲಿ!”

ಎಲ್ಲರೂ ಗೊಳ್ಳೆಂದು ನಕ್ಕರು. ತಮ್ಮನೂ ನಕ್ಕ. ಶೇಖವ್ವ ಬಗ್ಗಿ, ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಊದಿ ಬ್ಯಾನರಿನ ಹೆಸರನ್ನೇ ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದಿದರು. ಅವಳು ಗಳಗಳನೆ ಅತ್ತುಬಿಟ್ಟಳು.

“ಅಯ್ಯೋ, ಜೋರಾಗ್ ಬಿತ್ತಾ ಅಕ್ಕಾ?” ಎಂದಳು ವೇಣಿ.

“ಹೂಂನವ್ವಾ, ಜೋರ ಬಿತ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ಸಂಗಣ್ಣನಿಗೆ ತಡೆಯಲಾಗಲಿಲ್ಲ.

“ಅಂಗಡಿ ಕುಲಾವಿನ ಕೂತಿತಲ್ಲ. ಇನ್ನ ನಿನಗೂ ಒಂದ್ ಹೊಸಾ ಹೆಸರ ಇಡಬೇಕಾತು.”

ಶೇಖವ್ವ ಮಡಿಲಲ್ಲಿದ್ದ ಉಲ್ಲನ್ ಗಂಟಿನಿಂದ ಕಣ್ಣೆತ್ತಲಿಲ್ಲ.

“ಇಡ್ರಿ. ಆದ್ರ ಬೆನ್ನಿಗೆ ಗುದ್ದಬ್ಯಾಡ್ರಿ, ಅಲ್ಲಿ ಇನ್ನ ಜಾಗಾ ಇಲ್ಲ.”