ಎತ್ತುಗಳು ಓದದ ಬೋರ್ಡು

ನಮ್ಮ ಬಾಗಿಲ ಮುಂದೆ ಪರರ ಗಾಡಿ ನಿಂತರೆ ಸಾಕು, ಎಂಥ ಸಾಧುವಿನ ಒಳಗೂ ಒಬ್ಬ ಅಮಲ್ದಾರ ಎದ್ದು ಕೂರುತ್ತಾನೆ. ಬೇರೆಯವರ ವಿಷಯ ನನಗೆ ಸರಿಯಾಗಿ ಗೊತ್ತಿಲ್ಲ, ನನ್ನೊಳಗೆ ಎದ್ದದ್ದು ನಿಜ. ಈ ವಯಸ್ಸಿನಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೈಸ್ಕೂಲು ಮುಗಿಸಿ ಸಕಲೇಶಪುರದ ಪೇಟೆಬೀದಿಯ ನಮ್ಮಪ್ಪನ ಬಟ್ಟೆ ಅಂಗಡಿಯಲ್ಲಿ ಕೂತ ಹೊಸತು. ಆಗ ಮೋಟಾರು ಬಂದರೆ ಅದು ಯಾವ ಎಸ್ಟೇಟಿನದೆಂದು ಶಬ್ದದಲ್ಲೇ ಹೇಳುತ್ತಿದ್ದೆವು, ಅಷ್ಟು ಕಡಿಮೆ. ಬೀದಿ ತುಂಬ ಎತ್ತಿನ ಗಾಡಿಗಳೇ. ಪಾಳ್ಯದ ಕಡೆಯಿಂದ ಎಸ್ಟೇಟುಗಳಿಗೆ ಅಕ್ಕಿ ಸಾಗಿಸುವವರು ನಮ್ಮ ಪಕ್ಕದ ಹುಸೇನ್ ಸಾಬರ ಟೀ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಸಾಬರು ಅಲ್ಲಿದ್ದ ಕಲ್ಲುತೊಟ್ಟಿಗೆ ದಿನವೂ ನೀರು ತುಂಬಿಸಿಡುತ್ತಿದ್ದರು. ಎತ್ತು ಕುಡಿಯುವಷ್ಟರಲ್ಲಿ ಗಾಡಿಯವನೂ ಏನಾದರೂ ಕುಡಿಯಬೇಕಲ್ಲ, ಅದೇ ಅವರ ವ್ಯಾಪಾರ. ಎತ್ತಿನ ಬಾಯಿ ಅವರ ತೊಟ್ಟಿಗೆ, ಹಿಂಭಾಗ ನಮ್ಮ ಮೆಟ್ಟಿಲಿಗೆ. ಒಂದು ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ ಸೀರೆ ನೋಡಲು ಬಂದು ಸೆಗಣಿ ತುಳಿದು, ನಮ್ಮ ಮೆಟ್ಟಿಲಿಗೇ ಕಾಲು ಒರೆಸಿ, ಎದುರಿನ ಅಂಗಡಿಗೆ ಹೋದರು.

ಅಂದು ಸಂಜೆಯೇ ಪುರಸಭೆಯ ಸದಸ್ಯರೊಬ್ಬರ ಮನೆಗೆ ಹೋಗಿ ಪಟ್ಟಣದ ಘನತೆಯ ಬಗ್ಗೆ ಮಾತಾಡಿದೆ. ಸೆಗಣಿಯ ವಿಷಯ ಎತ್ತಲಿಲ್ಲ. "ಮೈಸೂರಿನಲ್ಲಿ ಹೀಗೆ ಕಂಡಕಂಡಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ" ಎಂದೆ. ನಾನು ಮೈಸೂರು ನೋಡಿರಲಿಲ್ಲ. ಸ್ವಲ್ಪ ದಿನದಲ್ಲೇ ತೊಟ್ಟಿಯ ಪಕ್ಕಕ್ಕೆ ಬೋರ್ಡು ಬಂತು: 'ಇಲ್ಲಿ ಗಾಡಿ ನಿಲ್ಲಿಸಕೂಡದು.'

ಗಾಡಿಯವರು ಓದಿಸಿಕೊಂಡು ಹೆದರಿದರು. ಎತ್ತುಗಳು ಹೆದರಲಿಲ್ಲ. ಬಾಲ ತಿರುಚಿದರೂ ತೊಟ್ಟಿ ಬಂದೊಡನೆ ತಾವಾಗಿಯೇ ನಿಂತುಬಿಡುತ್ತಿದ್ದವು. ಪೊಲೀಸಿನವನು ಬಂದು, "ಬೋರ್ಡು ಕಾಣಕಿಲ್ವೇನಯ್ಯ?" ಎಂದರೆ ಪಾಳ್ಯದ ಗಾಡಿಯವನೊಬ್ಬ, "ನಂಗೆ ಕಾಣ್ತೈತೆ ಸ್ವಾಮಿ. ಇವುಕ್ಕೆ ನೀವೇ ಒಂದ್ಸಲ ಓದಿ ಹೇಳ್ಬುಡಿ" ಎಂದ. ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನಿಗೆ ದಂಡ ಬಿತ್ತು. ಇನ್ನೊಬ್ಬರಿಗೆ ದಂಡ ಬೀಳದಿರಲೆಂದು ಮರುದಿನದಿಂದ ಸಾಬರು ತೊಟ್ಟಿಗೆ ನೀರು ತುಂಬಲಿಲ್ಲ. ಗಾಡಿಗಳು ನಿಲ್ಲದೆ ಮುಂದಕ್ಕೆ ಹೋದವು. ಸಾಬರ ಟೀ ಸೋಸುವ ಬಟ್ಟೆ ಒಣಗಿಯೇ ಇರತೊಡಗಿತು.

ಒಂದು ದಿನ ಅವರು ನಮ್ಮಂಗಡಿಗೆ ಬಂದರು. "ಶೆಟ್ರೆ, ಯಾರೋ ಪುಣ್ಯಾತ್ಮ ಹೋಗಿ ಹೇಳವ್ನೆ. ಮನೆ ತುಂಬ ಮಕ್ಳು ನಂಗೆ. ನೀವು ಓದಿದೋರು, ಒಂದು ಮಾತು ಹೇಳಿ. ಆ ಬೋರ್ಡು ಚೂರು ಆಚೆಗೋದ್ರೆ ಸಾಕು."

"ಆ ಪುಣ್ಯಾತ್ಮ ಯಾರು ಅಂತ ಗೊತ್ತಾಯ್ತಾ ಸಾಬ್ರೆ?" ಎಂದೆ, ಮಡಿಸಿದ್ದ ಬಟ್ಟೆಯನ್ನೇ ಮತ್ತೆ ಮಡಿಸುತ್ತಾ.

"ಗೊತ್ತಾಗಿ ಏನ್ಮಾಡ್ಲಿ ಮಾರಾಯ್ರೆ."

ಹೇಳಬೇಕೆಂದೇ ಹೋದೆ. ಆದರೆ ಸದಸ್ಯರು ನನ್ನನ್ನು ಕಂಡೊಡನೆ ಅಲ್ಲಿ ಕೂತಿದ್ದವರಿಗೆ, "ಬೀದಿ ಕನ್ನಡಿ ಹಂಗಾಗೈತೆ ಅಂದ್ರಲ್ಲ, ಅದು ಈ ಹುಡುಗನ ಬುದ್ಧಿ ಕಣ್ರೀ" ಎಂದರು. ಎಲ್ಲರೂ ತಲೆದೂಗಿದರು. ಅಂಥ ಹೊತ್ತಿನಲ್ಲಿ ಬೋರ್ಡು ಕೀಳಿಸಿ ಎನ್ನುವ ಧೈರ್ಯವನ್ನು ಹೈಸ್ಕೂಲಿನಲ್ಲಿ ಹೇಳಿಕೊಟ್ಟಿರಲಿಲ್ಲ. ವಾಪಸು ಬಂದು ಸಾಬರಿಗೆ, "ಬಹಳ ಹೇಳಿದೆ, ಕೇಳಲಿಲ್ಲ" ಎಂದೆ. ಅವರು ಅಂಗಡಿ ಎತ್ತಿಕೊಂಡು ಪೇಟೆಯಾಚೆಯ ಆನೇಮಹಲ್‌ಗೆ ಹೋದರು. ನಿಲ್ಲದ ಗಾಡಿಯವರು ನಮ್ಮಲ್ಲಿ ಟವೆಲ್ಲು, ಪಂಚೆ ಕೊಳ್ಳುವುದೂ ನಿಂತಿತು.

ವರ್ಷ ಕಳೆದ ಮೇಲೆ, ಇದ್ದದ್ದನ್ನು ಹೇಳಿ ಕ್ಷಮೆ ಕೇಳೋಣವೆಂದು ಬಸ್ಸು ಹತ್ತಿ ಆನೇಮಹಲ್‌ಗೆ ಹೋದೆ. ರಸ್ತೆ ಬದಿ ಹುಲ್ಲಿನ ಮಾಡು, ಒಂದೇ ಬೆಂಚು. ಸಾಬರು ಸೊರಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೆಗಲ ವಸ್ತ್ರದಿಂದ ಬೆಂಚು ಒರೆಸಿ, ಕೂತಿದ್ದ ಗಾಡಿಯವರಿಗೆ, "ಸ್ವಲ್ಪ ಸರ್ಕೊಳ್ರಪ್ಪ. ಆ ಬೋರ್ಡು ತೆಗೆಸಕ್ಕೆ ನಂಗೋಸ್ಕರ ಯಾರ್ಯಾರ ಕಾಲು ಹಿಡಿದ್ರೋ ಇವ್ರು" ಎಂದರು. ಗಾಡಿಯವರು ಎದ್ದೇ ನಿಂತರು. ಹೇಳಬೇಕಾದ ಮಾತು ಸಾಬರು ಕೊಟ್ಟ ಟೀ ಜೊತೆ ಒಳಕ್ಕೆ ಇಳಿಯಿತು. ಕಾಸು ಕೊಡಹೋದರೆ, "ನಿಮ್ಮತ್ರ ಈಸ್ಕೊಂಡ್ರೆ ದೇವ್ರು ಮೆಚ್ತಾನಾ?" ಎಂದು ಕೈ ಹಿಂದಕ್ಕೆ ತಳ್ಳಿದರು. ಮೆಚ್ಚುವುದಿಲ್ಲವೆಂದು ನನಗೂ ಅನ್ನಿಸಿರಬೇಕು. ಅವರು ಇನ್ನೊಂದು ಟೀ ಕೊಟ್ಟರು, ಕುಡಿದೆ. ಬನ್ನು ಕೊಟ್ಟರು, ಅದನ್ನೂ ತಿಂದೆ.